ಕಮ್ಮಾರ ಒಲ್ಲೆನೆಂದ

ಬ್ಯಾಲರಾಟಿನಲ್ಲಿ ಜುಲೈ ಎಂದರೆ
ಒಗೆದ ಕಾಲುಚೀಲ ಮೂರು ದಿನವಾದರೂ ಒಣಗದ ಕಾಲ.
ಬೇಕರಿಯ ಪಾಳಿ ಬೆಳಗಿನ ಮೂರಕ್ಕೆ. ಅಲ್ಲಿಯವರೆಗೆ
ಥುಯ್‌ಳ ಕೋಣೆಯ ಹೀಟರಿನೆದುರು ನಾವು ಮೂವರು,
ಒಂದೇ ಕಂಬಳಿಯ ಮೂರು ಮೂಲೆ.
ನಾಲ್ಕನೆಯದು ಬೆಕ್ಕಿನದು.

ಪರದೆಯ ಮೇಲೆ ರಾಜ್ಯ ಉರಿಯುತ್ತಿದೆ.
ಡ್ರ್ಯಾಗನ್ನು ಮೂಡಣ ಕೋಟೆ ಮುಗಿಸಿ ಪಡುವಣಕ್ಕೆ ತಿರುಗಿದೆ.
ನಮ್ಮ ಜಗಳ ಅದಕ್ಕಲ್ಲ:
ಕಮ್ಮಾರ ಹೊರ್ವಿನ್ ಯಾಕೆ ಯಾರಿಗೂ ಒಲಿಯುವುದಿಲ್ಲ?

"ಅನ್ಯಾಯ" ಎನ್ನುತ್ತಾನೆ ಕೀರನ್. "ತೊಂಬತ್ತು ಡಾಲರು ಕೊಟ್ಟಿದ್ದೇನೆ.
ಬಿಲ್ಲುಗಾತಿ ಒಲಿಯುತ್ತಾಳೆ, ಕಳ್ಳ ಒಲಿಯುತ್ತಾನೆ,
ಸತ್ತು ಮುನ್ನೂರು ವರ್ಷವಾದ ರಾಣಿ ಕೂಡ
ನಾಲ್ಕು ನೀಲಮಣಿಗೆ ನಗುತ್ತಾಳೆ.
ಇವನೊಬ್ಬನಿಗೇನು ಕೊಂಬು?"

"ಒಲ್ಲೆ ಎನ್ನಲು ಬರುವವನು ಇವನೊಬ್ಬನೇ" ಥುಯ್ ಹೇಳುತ್ತಾಳೆ,
"ಉಳಿದವರೆಲ್ಲ ಬೀಗ. ನೀನು ಕೀಲಿ ಹುಡುಕುತ್ತಿದ್ದೀಯ, ಅಷ್ಟೆ."

"ಅವನ ಒಲ್ಲೆಯನ್ನೂ ಯಾರೋ ಸಂಬಳಕ್ಕೆ ಬರೆದದ್ದೇ."

"ನಾನು ವಾರ್ಡಿನಲ್ಲಿ ನಗುವುದೂ ಸಂಬಳಕ್ಕೇ" ಎಂದು
ಉಗುರು ಕಚ್ಚಿದಳು.

ಕೆಳಮನೆಯ ಡೆಸ್ಮಂಡ್ ಪಾತ್ರೆ ಮರಳಿಸಲು ಮೆಟ್ಟಿಲೇರಿ ಬಂದ.
ನಿವೃತ್ತ ಅಂಚೆಯಣ್ಣ. ಅವನೂ ಆಡುತ್ತಾನೆ, ಆದರೆ
ಮೂರು ವರ್ಷದಿಂದ ಕೊನೆಯ ಸೇತುವೆ ದಾಟಿಲ್ಲ.
ದಾಟಿದರೆ ಮಾಟಗಾತಿಗೆ ಉತ್ತರ ಕೊಡಬೇಕು.
"ಅವಳು ಕೇಳಿದ್ದಾಳೆ. ನಾನಿನ್ನೂ ಯೋಚಿಸುತ್ತಿದ್ದೇನೆ" ಎಂದ,
"ಅದಕ್ಕೂ ಒಂದು ಗುಂಡಿ ಬೇಕಿತ್ತು ಈ ಯಂತ್ರದಲ್ಲಿ."

ಕೀರನ್‌ನ ದೂರು ಮುಗಿದಿರಲಿಲ್ಲ:
"ನೋಡು, ಮೂರು ಸಾಲು ತೋರಿಸುತ್ತಾರೆ.
ಒಂದು ಸಿಹಿ, ಒಂದು ಕುಹಕ, ಒಂದು ಖಾರ.
ಯಾವುದನ್ನೊತ್ತಿದರೂ ಆ ಕಡೆಯಿಂದ ಅದೇ ಮಾತು.
ಇದು ಆಯ್ಕೆಯೇ?"

ನನಗೆ ನಗು ಬಂತು. ಎಲ್ಲರೂ ತಿರುಗಿದರು.

ತುಮಕೂರು. ಚಿಕ್ಕಮ್ಮನ ಹಜಾರ. ಟೀಪಾಯಿಯ ಮೇಲೆ ಗೋಡಂಬಿ.
ನನ್ನ ಬಾಯಿಗೂ ಮೂರೇ ಸಾಲು ಕೊಟ್ಟಿದ್ದರು:
ಹೂಂ.
ನಿಮ್ಮಿಷ್ಟ.
ಏನೂ ಹೇಳದೆ ಸೆರಗಿನ ನೂಲು ಎಳೆಯುವುದು.
ಮೂರಕ್ಕೂ ಚಿಕ್ಕಮ್ಮನದು ಒಂದೇ ಮಾತು:
"ಹುಡುಗಿ ಒಪ್ಪಿದಳು."
ಆ ಅಧ್ಯಾಯ ಆರು ವರ್ಷ ನಡೆಯಿತು.
ಮುಗಿಸಿದ್ದು ಒಂದು ಫಾರಂ, ಮೆಲ್ಬರ್ನಿನ ಒಂದು ಕಿಟಕಿ,
ಬರೆಯದೆ ಸತಾಯಿಸಿದ ಒಂದು ಪೆನ್ನು.

ಇದನ್ನವರಿಗೆ ಹೇಳಲಿಲ್ಲ.
"ಚಹಾ ಯಾರಿಗೆ?" ಎಂದೆ.

ಅವರು ಮಲಗಿದ ಮೇಲೆ
ಕಂಟ್ರೋಲರು ಹಿಡಿದು ಕುಲುಮೆಗೆ ಹೋಗುವವಳು ನಾನು.
ಹನ್ನೊಂದು ಸಲ ಹೋಗಿದ್ದೇನೆ, ಕೀರನ್‌ಗೆ ಗೊತ್ತಿಲ್ಲ.
ಅಜ್ಜಿ ದೇವರಿಗೆ ಹೂ ಕೇಳುವಾಗ
ಎಡಕ್ಕೆ ಬಿದ್ದದ್ದನ್ನು "ಗಾಳಿ, ಗಾಳಿ" ಎಂದು ಮತ್ತೆ ಏರಿಸುವಳು.
ಬಲಕ್ಕೆ ಬೀಳುವ ತನಕ ಆ ದೇವರಿಗೂ ಬಿಡುಗಡೆಯಿಲ್ಲ.
ನಾನೂ ಹಾಗೆಯೇ: ಸೇವ್ ಮಾಡು, ಕೇಳು,
ಅಳಿಸಿ ಹಿಂದಕ್ಕೆ ಹೋಗು, ಕೇಳು.
ಕತ್ತಿ ಕೊಟ್ಟೆ. ಪಾಳುಬಾವಿಗಿಳಿದು
ಅವನ ಸತ್ತ ತಮ್ಮನ ಸುತ್ತಿಗೆ ತಂದುಕೊಟ್ಟೆ.
ಅದನ್ನು ಎದೆಗೊತ್ತಿ ಹಿಡಿದ, ಅತ್ತ,
ಆಮೇಲೆ ಅದೇ ಮಾತು:
"ಕಬ್ಬಿಣ ಆರುತ್ತಿದೆ. ಹೊರಡು, ಗೆಳತಿ."

ಇವತ್ತು ಕೇಳಲಿಲ್ಲ.
ಮೂರು ಸಾಲು ಬಂದು ಮಿನುಗಿದವು, ಒತ್ತಲಿಲ್ಲ.
ಕಿಡಿ ಹಾರುತ್ತಿತ್ತು. ಬೆಕ್ಕು ನೋಡಿತು, ನಾನೂ ನೋಡಿದೆ,
ಎರಡೂವರೆಯವರೆಗೆ.

ಬೇಕರಿಯಲ್ಲಿ ಒಲೆಯ ಬಾಯಿಯಿಂದ ತಲೆ ಹೊರತೆಗೆದು
ಸ್ಟಾವ್ರೋಸ್ ಕೇಳಿದ:
"ಭಾನುವಾರ ಕೆರೆಯ ಸುತ್ತ ಒಂದು ನಡಿಗೆ, ಬರುತ್ತೀಯಾ?"
ಹೂಂ, ನಾಲಿಗೆಯ ತುದಿಗೆ. ನಿಮ್ಮಿಷ್ಟ, ಅದರ ಹಿಂದೆ.
ಕೈ ಆಗಲೇ ಏಪ್ರನ್ನಿನ ನೂಲು ಹುಡುಕುತ್ತಿತ್ತು.

"ಒಲ್ಲೆ" ಎಂದೆ.

"ಸರಿ" ಎಂದು ಟ್ರೇ ಚಾಚಿದ.
ಅಷ್ಟೇ. ಯಾರೂ ಅಳಿಸಿ ಹಿಂದಕ್ಕೆ ಹೋಗಲಿಲ್ಲ.
ಬೆಳಗಾದ ಮೇಲೆ ಸ್ಟರ್ಟ್ ಬೀದಿಯುದ್ದಕ್ಕೂ
ಆ ಸರಿ ನನ್ನ ಕೋಟಿನ ಜೇಬಿನಲ್ಲಿತ್ತು,
ಈಗಷ್ಟೇ ತೆಗೆದ ಬನ್ನಿನ ಹಾಗೆ,
ಬೆರಳು ಸೋಕಿದರೆ ಬಿಸಿ.