ಅಡ್ಡರಸ್ತೆ

ನಕ್ಷತ್ರ ಗುರುತಿನ ಕಾಲಂ ಖಾಲಿ ಬಿಟ್ಟರೆ
ಮುಂದಿನ ಪುಟ ತೆರೆಯುವುದಿಲ್ಲ.
ವಾರ್ಡ್. ಮೇನ್. ಕ್ರಾಸ್. ಬಾಗಿಲ ಸಂಖ್ಯೆ.
ಬಿರುನಾಣಿ ಪಂಚಾಯಿತಿ ಕಟ್ಟಡದ ಹಿಂದೆ, ಬಂಡೆಯ ಮೇಲೆ,
ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ
ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತಿದ್ದೇನೆ,
ಜಿಗಣೆ ಹತ್ತದಿರಲೆಂದು ಸಾಕ್ಸಿಗೆ ಹೊಗೆಸೊಪ್ಪು ಉಜ್ಜಿಕೊಂಡು.
ಡಾಟಾ ಎಂಟ್ರಿ ಆಪರೇಟರ್. ದಿನಗೂಲಿ.

ಇಲ್ಲಿ ಮನೆಗಳುಂಟು, ಸಾಲಿಲ್ಲ.
ಒಂದಕ್ಕೂ ಇನ್ನೊಂದಕ್ಕೂ ನಡುವೆ
ಒಂದು ಬಾಣೆ, ಒಂದು ಗದ್ದೆ, ಒಂದು ನಾಯಿಯ ಕೂಗಳತೆ.
ವಿಳಾಸ ಕೇಳಿದರೆ ಬಾಯಲ್ಲಿ ಹೇಳುತ್ತಾರೆ:
'ಮಾಚಯ್ಯನ ಕಣದಾಚೆ, ಹಲಸು ಬಿದ್ದಲ್ಲಿ ಇಳಿ.'
ಹಲಸು ಬಿದ್ದು ಒಂಬತ್ತು ವರ್ಷ.

ಮಂಗಳವಾರದ ವಿಡಿಯೋ ಸಭೆ.
ಬೆಂಗಳೂರಿನ ಏಸಿ ಕೋಣೆಯಿಂದ ಒಬ್ಬರು,
ಮುಖ ಚೌಕಚೌಕವಾಗಿ ಒಡೆದು ಮತ್ತೆ ಕೂಡುತ್ತಿತ್ತು:
'ಶೇಕಡ ನಲವತ್ತೊಂದು! ಏನ್ರೀ ಮಾಡ್ತೀರ ಅಲ್ಲಿ?
ನಮ್ಮ ಒಂದು ವಾರ್ಡಿನಷ್ಟು ಜನ ಇಲ್ಲ ನಿಮ್ಮ ಹೋಬಳಿಗೆ.'
ಆಮೇಲೆ ಮೆತ್ತಗೆ, ಮೈಕ್ ಆರಿಸಲು ಮರೆತು, ಪಕ್ಕದವರಿಗೆ:
'ಒಳ್ಳೇ ಜಾಗ ಕಣ್ರೀ. ಡಿಸೆಂಬರಲ್ಲಿ ಹೋಗಿದ್ವಿ.'

ಸುಳ್ಳಲ್ಲ ಅವರ ಲೆಕ್ಕ.
ಅಜ್ಜ ಹೇಳುತ್ತಿದ್ದರು, ಒಂದು ಕಾಲಕ್ಕೆ ಮಡಿಕೇರಿಯಲ್ಲೇ
ಇಪ್ಪತ್ತನಾಲ್ಕು ಜನ ಕೂತು ಇಡೀ ರಾಜ್ಯ ನಡೆಸಿದರಂತೆ,
ಬೀದಿಯಿಂದ ಕೂಗಿದರೆ ಮಂತ್ರಿಗೆ ಕೇಳುತ್ತಿತ್ತಂತೆ.
(ಲೈನ್ ಮನೆಯವರು ಕೂಗಿದ್ದೂ ಕೇಳುತ್ತಿತ್ತೇ
ಎಂದು ನಾನು ಕೇಳಲಿಲ್ಲ.)
ಆಮೇಲೆ ದೊಡ್ಡ ಮನೆ ಸೇರಿದೆವು. ಮೂರು ಕುರ್ಚಿ ಉಳಿದವು.
ಆಮೇಲೆ ತಲೆ ಎಣಿಸಿ, ಎರಡು.
ಇಲ್ಲಿ ತಲೆ ಬೆಳೆಯುವುದಿಲ್ಲ, ಬೆಳೆಯುವುದು ಕಾಫಿ,
ಕರಿಮೆಣಸು, ದಾರಿಗುಂಟ ಆನೆಯ ಲದ್ದಿ.
ಯಾವುದಕ್ಕೂ ಓಟಿಲ್ಲ.

ಕೊನೆಗೆ ಕ್ರಾಸುಗಳನ್ನು ನಾನೇ ಹುಟ್ಟಿಸಿದೆ.
ಆನೆ ದಾಟುವಲ್ಲಿ ಒಂದನೇ ಕ್ರಾಸ್.
ಮೊಯ್ದು ಕಾಕನ ಮೀನಿನ ಸ್ಕೂಟರ್ ತಿರುಗುವಲ್ಲಿ ಎರಡನೆಯದು.
ಪೈಸಾರಿಯ ಹಾಡಿಗೆ ಹೋಗುವ ದಾರಿಯಲ್ಲಿ, ತೋಡಿನ ಬದಿ,
ಮೂರು ಚುನಾವಣೆಗೆ ಮೂರು ಸಲ ಗುದ್ದಲಿಪೂಜೆ ಆದ,
ಸೇತುವೆ ಇಲ್ಲದ ಜಾಗಕ್ಕೆ
ಮೂರನೇ ಕ್ರಾಸ್.
ಯರವರ ಚೋಮಿ, ಬಾಗಿಲ ಸಂಖ್ಯೆ ೧೭.
ಬಾಗಿಲಿರಲಿಲ್ಲ, ಗೋಣಿ ಇಳಿಬಿಟ್ಟಿತ್ತು.
೧೭ ಎಂದೇ ಹೊಡೆದೆ.
ಪರದೆಯ ಮೇಲೆ ಹಸಿರು ಗೀಟು. ಶೇಕಡ ನೂರು.
ತಾಲೂಕಿಗೇ ಮೊದಲೆಂದು ಪಿಡಿಓ ಕುಟ್ಟದಿಂದ ಹಲ್ವ ತರಿಸಿದರು.

ಸೇತುವೆ ಬರಲಿಲ್ಲ. ಬೋರ್ಡ್ ಬಂತು.
ನಗರ ಮಾದರಿ ನಾಮಫಲಕ ಯೋಜನೆ, ಮೊದಲ ಕಂತು:
ಪೊನ್ನಂಪೇಟೆಯಿಂದ ಪಿಕಪ್ಪಿನಲ್ಲಿ ಆರು ಹಲಗೆ,
ಆಳುದ್ದಕ್ಕಿಂತ ಮೊಳ ಹೆಚ್ಚು, ಕಬ್ಬಿಣದ ಚೌಕಟ್ಟು,
ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಅಕ್ಷರ.
ನಿಲ್ಲಿಸುವ ಕಂಬ ಎರಡನೇ ಕಂತಿನಲ್ಲಂತೆ.
ಜಗಲಿಗೆ ಒರಗಿಸಿಟ್ಟೆವು. ಕೋಳಿಗಳು ಹಿಂದೆ ಮೊಟ್ಟೆಯಿಟ್ಟವು.

ಕಕ್ಕಡದಲ್ಲಿ ಒಂದು ಬೆಳಿಗ್ಗೆ ಐದೇ ಇದ್ದವು.
ಹುಡುಕುತ್ತ ಹೋದೆ, ರಿಜಿಸ್ಟರಿಗೆ ಉತ್ತರ ಬೇಕಲ್ಲ.
ತುಂಬಿದ ತೋಡಿನ ಮೇಲೆ, ಎರಡೂ ದಂಡೆಗೆ ಕಲ್ಲು ಹೇರಿ,
ಅಡ್ಡ ಮಲಗಿಸಿದ್ದಾರೆ: ೩ನೇ ಅಡ್ಡರಸ್ತೆ.
ಚೋಮಿ ಬರುತ್ತಿದ್ದಾಳೆ, ತಲೆಯ ಮೇಲೆ ಪಡಿತರದ ಚೀಲ,
ಸೊಂಟದಲ್ಲಿ ಮೊಮ್ಮಗು,
ಹೆಬ್ಬೆರಳಿಂದ ತಗಡು ತಡವಿ ತಡವಿ.
'ಬರೆದಲ್ಲಿ ಜಾರುತ್ತದೆ,' ಅಂದಳು,
'ಬರೆಯದಲ್ಲಿ ಕಾಲು ನಿಲ್ಲುತ್ತದೆ.'
ಈಚೆ ದಾಟಿ, ಚೀಲ ಇಳಿಸಿ, ಏನು ಬರೆದಿದೆ ಎಂದು ಕೇಳಿದಳು.
ಓದಿ ಹೇಳಿದೆ.
ತಿರುಗಿ ನೋಡಿದಳು.
'ಅಡ್ಡ ಸರಿ. ರಸ್ತೆ ಎಲ್ಲಿ?'

ರಿಜಿಸ್ಟರಿನಲ್ಲಿ ಬರೆದೆ:
ಹಲಗೆ ಆರು. ದಾಸ್ತಾನು ಐದು. ಬಳಕೆಯಲ್ಲಿ ಒಂದು.
ಷರಾ ಕಾಲಮ್ಮಿಗೆ ನಕ್ಷತ್ರವಿರಲಿಲ್ಲ.
ಖಾಲಿ ಬಿಟ್ಟೆ.