ಗಿರವಿ ಅಂಗಡಿಯಲ್ಲಿ ಮೇವಿಸ್

ಓರಿನ್ ಟ್ಯಾಕೆಟ್ ಅದನ್ನು ಒಯ್ದದ್ದು ನನ್ನ ಅಂಗಡಿಯಿಂದಲೇ.
ಯಾರೋ ಬಿಡಿಸಿಕೊಳ್ಳದೆ ಬಿಟ್ಟುಹೋದ ಪಿಸ್ತೂಲು,
ನೂರ ಎಂಬತ್ತು ಡಾಲರು, ತೆರಿಗೆ ಬೇರೆ.
ಪ್ಲಾಸ್ಟಿಕ್ ಮೈ. ಕುದುರೆ ಎಳೆದರೆ
ಒದ್ದೆ ಮರಳಲ್ಲಿ ಸಲಿಕೆ ಎಳೆದ ಹಾಗೆ.
"ಸದ್ಯಕ್ಕೆ ಸಾಕು" ಅಂದ.

ಸದ್ಯ ಅನ್ನುವುದು ಕೆಂಟಕಿಯ ಈ ಕಣಿವೆಯಲ್ಲಿ ಬಲು ಉದ್ದದ ಮಾತು.
ಗಣಿ ಮುಚ್ಚಿ ಹನ್ನೊಂದು ವರ್ಷ,
ಸದ್ಯಕ್ಕೆ.

ಮೊದಲು ಬಂದದ್ದು ಕುದುರೆ. ಅಲ್ಯೂಮಿನಿಯಂದು, ಕೆಂಪು.
ತೋರಿಸಲೆಂದೇ ತಂದ. ಗುಂಡಿಲ್ಲವೆಂದು ಎರಡು ಸಲ ನೋಡಿ
ಗೋಡೆಯ ಕಡೆ ಹಿಡಿದು ಎಳೆದ: ಟಕ್.
"ಕೇಳಿಸಿತಾ ಮೇವಿಸ್?
ಎಳೇ ಹುರುಳೀಕಾಯಿ ಮುರಿದ ಹಾಗೆ!"

ಆಮೇಲೆ ನಳಿಗೆ, ಹೊನ್ನಿನ ಬಣ್ಣದ್ದು, ಇನ್ನೂರ ಹತ್ತು.
ಕತ್ತಲಲ್ಲಿ ಹಸಿರಾಗಿ ಮಿಣುಕುವ ಗುರಿಚುಕ್ಕಿ.
ಮೀನಿನ ಕಿವಿರಿನಂತೆ ಸೀಳು ಕೊರೆದ ಉಕ್ಕಿನ ಸ್ಲೈಡು.
ಅದಕ್ಕಾಗಿ ಚಳಿಗಾಲದ ಶನಿವಾರಗಳೆಲ್ಲ
ಬೇರೆಯವರ ಟ್ರಕ್ಕುಗಳ ಅಡಿಯಲ್ಲಿ ಅಂಗಾತ ಮಲಗಿದ.
ಅವನ ಟ್ರಕ್ಕಿನ ಬಾಗಿಲಿಗೆ ಇನ್ನೂ ತಂತಿಯ ಕಟ್ಟು.
ಹೆಂಡತಿ ಜುನೆಲ್, ಮುಂದಿನ ಎರಡು ಹಲ್ಲಿಲ್ಲದವಳು,
ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು:
"ಮೂಗಿಗಿಂತ ಮೂಗುತಿ ಭಾರ. ಹೇಳಿದರೆ ಕೇಳ್ತಾನಾ?"

ನಾನು ನಗಲಿಲ್ಲ.
ಇಲ್ಲಿ ತಿಂಗಳಿಂದ ತಿಂಗಳಿಗೆ
ಮೊದಲಿಗಿಂತ ಚೆಂದವಾಗುತ್ತಿದ್ದದ್ದು
ನಾನು ಕಂಡಂತೆ ಅದೊಂದೇ.

ಫೆಬ್ರವರಿಯ ಒಂದು ಮಂಗಳವಾರ ಬಂದು
ಮಾತಿಲ್ಲದೆ ಗಾಜಿನ ಮೇಲೆ ಇಟ್ಟ.
ಒರೆಸಿದ್ದ, ಎಣ್ಣೆ ಹಾಕಿದ್ದ. ಪಕ್ಕದಲ್ಲಿ
ಹಳೆಯ ಭಾಗಗಳ ಬಿಸ್ಕತ್ತಿನ ಡಬ್ಬಿ.
ನಾನು ಪುಸ್ತಕ ತೆರೆದೆ.
ಕಾನೂನಿಗೆ ನಳಿಗೆ ಪಿಸ್ತೂಲಲ್ಲ, ಸ್ಲೈಡೂ ಅಲ್ಲ,
ನಂಬರು ಕೆತ್ತಿದ ಆ ಪ್ಲಾಸ್ಟಿಕ್ ಮೈಯೇ ಪಿಸ್ತೂಲು.
ಅವನು ಬದಲಿಸದೆ ಬಿಟ್ಟದ್ದು ಅದನ್ನೇ.
"ತೊಂಬತ್ತು" ಅಂದೆ.

ಚೌಕಾಸಿ ಮಾಡಲಿಲ್ಲ. ಸಣ್ಣ ಸುತ್ತಿಗೆ ಇದೆಯಾ ಎಂದು ಕೇಳಿದ.
ನಿಂತಲ್ಲೇ ಮುಕ್ಕಾಲು ಗಂಟೆ
ಒಂದೊಂದೇ ಪಿನ್ನು ಹೊಡೆದು, ಒಂದೊಂದೇ ಬಿಚ್ಚಿ,
ಹಳೆಯದನ್ನೆಲ್ಲ ಹಳೆಯ ಜಾಗಕ್ಕೆ ಕೂರಿಸಿದ.
ಎರಡು ಗಿರಾಕಿಗಳು ಕಾದು ಹೋದರು.
"ಈಗ ತೊಂಬತ್ತು ಸರಿ" ಅಂದ.
ಮೈಯಿಲ್ಲದ ಪಿಸ್ತೂಲನ್ನು ಡಬ್ಬಿಯಲ್ಲಿ ಹೊತ್ತು ಹೊರಟ,
ಹೆಜ್ಜೆಹೆಜ್ಜೆಗೂ ಒಳಗೆ ಕಿಣಿಕಿಣಿ.

ಚೀಟಿ ಅಂಟಿಸಿದೆ: ನೂರ ಎಂಬತ್ತು.
ಅಂಗಡಿ ಮುಚ್ಚುವಾಗ ಒಮ್ಮೆ ಎಳೆದು ನೋಡಿದೆ.
ಅದೇ ಒದ್ದೆ ಮರಳು.
ನೂರ ಇಪ್ಪತ್ತು ಅನ್ನಬಹುದಿತ್ತು ನಾನು.
ಅನ್ನಬಹುದಿತ್ತು.