ಬಾಯಿಯ ಅಳತೆ

ನಾರಿನ್ ಪೇಟೆಯಿಂದ ತಂದ ಹೊಸ ಕಡಿವಾಣವನ್ನು
ಒರ್ಮೊನ್ ಅಜ್ಜ ತಿರುಗಿಸಿ ತಿರುಗಿಸಿ ನೋಡಿ
ಮೊದಲು ತನ್ನ ಬಾಯಿಗೇ ಇಟ್ಟುಕೊಂಡ.
ನಾನು ನಕ್ಕೆ. ಅವನು ನಗಲಿಲ್ಲ.
ನಾಲಿಗೆ ಆಡಿಸಿ, ಕೀಲಿನ ಹತ್ತಿರ ತಡೆದು,
"ಇಲ್ಲೊಂದು ಮುಳ್ಳಿದೆ" ಎಂದು ಉಗುಳಿ ಅರ ಹುಡುಕಿದ.

ತೊರು, ಎಂಟು ವರ್ಷದ ಹೆಣ್ಣು ಕುದುರೆ,
ಚಳಿಗಾಲವಿಡೀ ತಲೆ ಕೊಡವಿ ಕೊಡವಿ
ಹಠಮಾರಿ ಅನ್ನಿಸಿಕೊಂಡಿತ್ತು.
ಹಾಗೆ ಅಂದವಳು ನಾನೇ.
ಬಾರು ಬಿಗಿದವಳೂ.

ಅಜ್ಜ ಅದರ ತುಟಿಯಂಚಿಗೆ ಹೆಬ್ಬೆರಳು ತೂರಿ
ಮುಂದಿನ ಹಲ್ಲು ಮುಗಿದು ದವಡೆಹಲ್ಲು ಶುರುವಾಗುವ ನಡುವೆ
ಹಲ್ಲೇ ಇಲ್ಲದ ಆ ಪುಟ್ಟ ಬಯಲು ತೋರಿಸಿದ:
"ದೇವರೇ ಬಿಟ್ಟ ಜಾಗ ಅಂತಾರೆ ಸವಾರರು.
ಕುದುರೆಯನ್ನು ಯಾರೂ ಕೇಳಿಲ್ಲ."

ಅಲ್ಲಿ, ಒಸಡಿನ ಮೇಲೆ, ಬಾರ್ಲಿ ಕಾಳಿನಷ್ಟು ಹುಣ್ಣು.
ನನ್ನದೇ ಕೈಬರಹ.

ಕಬ್ಬಿಣ ಕಳಚಿ, ಬರೀ ತೊಗಲು ತೊಡಿಸಿ ಅಳೆದ:
ಕೆನ್ನೆಪಟ್ಟಿ ಒಂದು ತೂತು ಸಡಿಲ,
ಹಣೆಪಟ್ಟಿ ಕಿವಿಯ ಬುಡ ಕೊರೆಯದಷ್ಟು ಉದ್ದ,
ಗಂಟಲ ಬಾರಿನಡಿ ಇಡೀ ಮುಷ್ಟಿ ತೂರಬೇಕು.
ಅವನದಲ್ಲ, ನನ್ನದು. ಅವನ ಬೆರಳುಗಳಲ್ಲಿ ಎರಡು
ಯಾವುದೋ ಕುದುರೆಯ ಹಗ್ಗಕ್ಕೆ ಎಂದೋ ಹೋಗಿದ್ದವು.

ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಉಜ್ಜಿ ನುಣುಪಾದ ಕಬ್ಬಿಣವನ್ನು ಕಂಕುಳಲ್ಲಿ ಅವುಚಿಕೊಂಡು
ಚಹಾ ಆರುವಷ್ಟು ಹೊತ್ತು ಸುಮ್ಮನೆ ನಿಂತೆ.
ತೊರು ಮೂಸಿತು. ಬಾಯಿ ತೆರೆಯಲಿಲ್ಲ.
ನಾನೂ ತೆರೆಸಲಿಲ್ಲ.
"ಮೊದಲು ಮಾಯಲಿ" ಎಂದು ಅಜ್ಜ ಒಳಗೆ ಹೋದ.

ಇನ್ನೂ ಬೆಚ್ಚಗಿತ್ತು.
ಹಾಗೇ ಗೂಟಕ್ಕೆ ಸಿಕ್ಕಿಸಿದೆ.